ಅರೆತಲೆನೋವಿಗೆ ಕನ್ನಡಕ ಬಂದ ಬಗೆ

ಪದೇ ಪದೇ ತಲೆನೋವು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಮೊದಲು ಸಿಗುವ ಸಲಹೆ 'ಒಂದ್ಸಲ ಕಣ್ಣು ತೋರಿಸಿ' ಎಂಬುದು. ಶಾಲೆಯ ಮೇಷ್ಟ್ರು, ಔಷಧಿ ಅಂಗಡಿಯವರು, ಪಕ್ಕದ ಮನೆಯವರು ಎಲ್ಲರೂ ಇದನ್ನೇ ಹೇಳುತ್ತಾರೆ. ಹೇಳುವ ಸಲೀಸು ನೋಡಿದರೆ ಇದು ತಲೆತಲಾಂತರದಿಂದ ಬಂದ ತಿಳಿವಳಿಕೆ ಅನ್ನಿಸಬೇಕು. ಆದರೆ ಮೈಗ್ರೇನಿನ ಮಟ್ಟಿಗೆ, ಅಂದರೆ ನಾವು ಅರೆತಲೆನೋವು ಎನ್ನುವ ಕಾಯಿಲೆಯ ಮಟ್ಟಿಗೆ, ಕಣ್ಣಿನ ದೋಷವೇ ನೋವಿನ ಬೇರು ಎಂಬ ನಂಬಿಕೆಗೆ ಹೆಚ್ಚೆಂದರೆ ನೂರೈವತ್ತು ವರ್ಷ ಆಗಿರಬಹುದು. ಅದನ್ನು ಬೆಳೆಸಿ ಊರೂರಿಗೆ ಮುಟ್ಟಿಸಿದವರಲ್ಲಿ ಮುಂದಿದ್ದವರು ಅಮೆರಿಕದ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿನ ವೈದ್ಯರು. ವಿಚಿತ್ರವೆಂದರೆ, ಅವರು ಹಾಗೆ ಹೇಳಲು ಶುರುಮಾಡುವ ಮೊದಲೇ ಅದಕ್ಕೆ ವಿರುದ್ಧವಾದ ಸಾಕ್ಷ್ಯ ಲಂಡನ್ನಿನ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಮೈಗ್ರೇನ್ ಕಣ್ಣಿನಲ್ಲಿ ಕಾಣಿಸಿಕೊಂಡರೂ ಹುಟ್ಟುವುದು ಮಿದುಳಿನಲ್ಲಿ ಎಂಬುದನ್ನು ಮೊದಲು ಕಂಡುಕೊಂಡವರು ಕಣ್ಣಿನ ಡಾಕ್ಟರುಗಳಲ್ಲ. ಸ್ವತಃ ಆ ಕಾಯಿಲೆಯಿದ್ದ ಕೆಲವು ಖಗೋಳಜ್ಞರು ಮತ್ತು ಭೌತವಿಜ್ಞಾನಿಗಳು. ತಿಳಿದ ವಿಷಯ ಹಿಂದೆ ಸರಿದು ತಿಳಿಯದ ವಿಷಯ ಮುಂದೆ ಬಂದದ್ದು ಹೇಗೆ ಎಂಬುದೇ ಈ ಚರಿತ್ರೆಯಲ್ಲಿ ಕೆದಕಿ ನೋಡಬೇಕಾದ ಸಂಗತಿ.

ಮೊದಲು ನಮ್ಮ ಹಳೆಯ ವೈದ್ಯಗ್ರಂಥಗಳು ಏನೆನ್ನುತ್ತವೆ ನೋಡೋಣ. ಸುಶ್ರುತಸಂಹಿತೆಯ ಉತ್ತರತಂತ್ರ ಕಣ್ಣಿನ ರೋಗಗಳಿಂದ ಆರಂಭವಾಗಿ, ಕಿವಿ ಮೂಗುಗಳನ್ನು ಹಾದು, ತಲೆಯ ರೋಗಗಳಿಗೆ ಬರುತ್ತದೆ. ಇವೆಲ್ಲವೂ ಶಾಲಾಕ್ಯ ಎಂಬ ಒಂದೇ ವಿಭಾಗಕ್ಕೆ ಸೇರಿದವು. ಅಲ್ಲಿ ಎಣಿಸಿದ ಹನ್ನೊಂದು ಶಿರೋರೋಗಗಳಲ್ಲಿ ಸೂರ್ಯಾವರ್ತ ಒಂದು: ಸೂರ್ಯ ಹುಟ್ಟುವಾಗ ಕಣ್ಣು ಹುಬ್ಬುಗಳ ಸುತ್ತ ಸಣ್ಣಗೆ ಶುರುವಾಗಿ, ಹೊತ್ತೇರಿದಂತೆ ಏರಿ, ಹೊತ್ತಿಳಿದಂತೆ ಇಳಿಯುವ ನೋವು. ಇನ್ನೊಂದು ಅರ್ಧಾವಭೇದಕ, ತಲೆಯ ಒಂದೇ ಪಾರ್ಶ್ವವನ್ನು ಸೀಳುವ ನೋವು. ಈ ನೋವಿಗೆ ಚರಕಸಂಹಿತೆಯೂ ಮಾಧವನಿದಾನವೂ ಕೊಡುವ ಕಾರಣಗಳು ಒಣ ಆಹಾರ, ಅತಿಯಾದ ಊಟ, ಮೂಡಣ ಗಾಳಿ, ಮಂಜು, ಮಲಮೂತ್ರಗಳ ವೇಗವನ್ನು ತಡೆಯುವುದು, ಆಯಾಸ, ವ್ಯಾಯಾಮ ಇತ್ಯಾದಿ. ಆ ಪಟ್ಟಿಯಲ್ಲಿ ಕಣ್ಣಿನ ದಣಿವು ಇಲ್ಲ. ಬದಲಿಗೆ, ನೋವು ಮಿತಿಮೀರಿದರೆ ಅದು ಕಣ್ಣನ್ನೋ ಕಿವಿಯನ್ನೋ ಕೆಡಿಸಿಬಿಡುತ್ತದೆ ಎಂಬ ಎಚ್ಚರಿಕೆಯಿದೆ. ಹಾನಿ ಹರಿಯುವ ದಿಕ್ಕು ತಲೆಯಿಂದ ಕಣ್ಣಿಗೆ. ಮೈಗ್ರೇನಿನಿಂದ ಕಣ್ಣು ಹೋಗುತ್ತದೆ ಎಂಬ ಈ ಭಯವನ್ನು ಇಂದಿನ ವೈದ್ಯಶಾಸ್ತ್ರ ಬಹುಮಟ್ಟಿಗೆ ಒಪ್ಪುವುದಿಲ್ಲ, ಹಾಗಾಗಿ ಹಳಬರಿಗೆ ಎಲ್ಲವೂ ಗೊತ್ತಿತ್ತು ಎಂದು ಬೀಗುವ ಅಗತ್ಯವೇನಿಲ್ಲ. ಆದರೆ ದಿಕ್ಕನ್ನು ಗಮನಿಸಬೇಕು. ಕಣ್ಣಿನಿಂದ ತಲೆಗೆ ನೋವು ಏರುತ್ತದೆ, ಆದ್ದರಿಂದ ಕಣ್ಣನ್ನು ಸರಿಪಡಿಸಿದರೆ ತಲೆ ಸರಿಯಾಗುತ್ತದೆ ಎಂಬ ಇಂದಿನ ನಮ್ಮ 'ಸಹಜ' ಆಲೋಚನೆಯ ಗುರುತು ಅರ್ಧಾವಭೇದಕದ ಈ ವಿವರಣೆಯಲ್ಲಿ ಸಿಗುವುದಿಲ್ಲ.

ಈಗ ಲಂಡನ್ನಿಗೆ ಹೋಗೋಣ. ವಿಲಿಯಂ ಹೈಡ್ ವೊಲ್ಯಾಸ್ಟನ್ ವೈದ್ಯವಿದ್ಯೆ ಕಲಿತು ಅದನ್ನು ಬಿಟ್ಟು ರಸಾಯನವಿಜ್ಞಾನಕ್ಕೆ ಬಂದವನು, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳನ್ನು ಕಂಡುಹಿಡಿದವನು. ಒಮ್ಮೆ ಎರಡು ಮೂರು ಗಂಟೆ ಮೈಮುರಿದು ದಣಿದ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಎದುರಿಗಿದ್ದವರ ಮುಖ ಅರ್ಧ ಮಾತ್ರ ಕಾಣತೊಡಗಿತು. ಬಾಗಿಲ ಮೇಲೆ ಬರೆದಿದ್ದ 'ಜಾನ್ಸನ್' ಎಂಬ ಹೆಸರಿನಲ್ಲಿ 'ಸನ್' ಮಾತ್ರ ಉಳಿದಿತ್ತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಎಷ್ಟೋ ವರ್ಷಗಳ ನಂತರ ಮತ್ತೊಮ್ಮೆ ಹಾಗೇ ಆಯಿತು, ಆ ಸಲ ಬಲಭಾಗ ಮಾಯವಾಗಿತ್ತು. ಬೇರೆಯವರಾಗಿದ್ದರೆ ಹೆದರಿ ಮಲಗುತ್ತಿದ್ದರೇನೋ. ವೊಲ್ಯಾಸ್ಟನ್ ಒಂದೊಂದು ಕಣ್ಣಿನಲ್ಲಿ ಏನು ಕಾಣುತ್ತದೆಂದು ಪರೀಕ್ಷಿಸಿದ. ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ಅರ್ಧ ಕಾಣೆಯಾಗಿತ್ತು. ಎರಡು ಬೇರೆ ಬೇರೆ ಕಣ್ಣುಗಳು ಒಂದೇ ಗಳಿಗೆಯಲ್ಲಿ, ಒಂದೇ ಬದಿಯಲ್ಲಿ, ಒಂದೇ ಅಳತೆಯಲ್ಲಿ ಕೆಡುವುದು ಸಾಧ್ಯವಿಲ್ಲದ್ದರಿಂದ, ತೊಂದರೆ ಎರಡೂ ಕಣ್ಣಿನ ಎಳೆಗಳು ಒಂದಾಗುವ ಹಿಂದಿನ ಜಾಗದಲ್ಲಿರಬೇಕು ಎಂದು ತರ್ಕಿಸಿದ. ಪ್ರತಿ ಕಣ್ಣಿನ ದೃಷ್ಟಿನರದಲ್ಲಿ ಅರ್ಧ ಎಳೆಗಳು ಆಚೆ ಬದಿಗೆ ದಾಟಿ, ಉಳಿದರ್ಧ ಇದೇ ಬದಿಯಲ್ಲಿ ಉಳಿಯುತ್ತವೆ ಎಂಬ ಅವನ ಪ್ರಬಂಧ 1824ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂತು. ನ್ಯೂಟನ್ ತನ್ನ 'ಆಪ್ಟಿಕ್ಸ್' ಗ್ರಂಥದ ಕೊನೆಯ ಪ್ರಶ್ನೆಗಳಲ್ಲಿ ಇದನ್ನು ಊಹಿಸಿದ್ದ. ವೊಲ್ಯಾಸ್ಟನ್ ಅದಕ್ಕೆ ತನ್ನ ದೇಹದಿಂದಲೇ ಪುರಾವೆ ಕೊಟ್ಟ. 1828ರಲ್ಲಿ ಅವನು ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಮಿದುಳಿನಲ್ಲಿ ಗೆಡ್ಡೆ ಸಿಕ್ಕಿತು. ಹಾಗಾದರೆ ಅದು ಮೈಗ್ರೇನೇ ಅಲ್ಲ, ಗೆಡ್ಡೆಯ ಲಕ್ಷಣ ಎನ್ನಬಹುದಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಎರಡನೆಯ ಸಲದ್ದು ಗೆಡ್ಡೆಯದೇ ಇರಬಹುದು. ಎಷ್ಟೋ ವರ್ಷ ಹಿಂದೆ ಬಂದು ಕಾಲು ಗಂಟೆಯಲ್ಲಿ ಹೋದ ಮೊದಲನೆಯದನ್ನು ಹಾಗೆನ್ನುವುದು ಕಷ್ಟ. ಹೇಗೇ ಇರಲಿ, ಅವನ ತರ್ಕಕ್ಕೆ ಇದರಿಂದ ಧಕ್ಕೆಯಿಲ್ಲ: ಅರ್ಧ ಮುಖ ಮಾಯವಾಗುವುದು ಕಣ್ಣಿನ ಕೆಲಸವಲ್ಲ ಎಂದಷ್ಟೇ ಅವನು ಹೇಳಿದ್ದು.

ಈ ಕಥೆಯ ಮುಖ್ಯ ವ್ಯಕ್ತಿ ನನ್ನ ಲೆಕ್ಕದಲ್ಲಿ ಜಾರ್ಜ್ ಬಿಡೆಲ್ ಏರಿ. ಬ್ರಿಟನ್ನಿನ ಆಸ್ಥಾನ ಖಗೋಳಜ್ಞನಾಗಿ 1835ರಿಂದ 1881ರವರೆಗೆ ಗ್ರೀನಿಚ್ ವೀಕ್ಷಣಾಲಯವನ್ನು ಆಳಿದವನು. ಇವನು ಎರಡು ಕಾರಣಕ್ಕೆ ಕಣ್ಣಿನ ಚರಿತ್ರೆಯಲ್ಲಿ ಬರುತ್ತಾನೆ, ಆ ಎರಡು ಕಾರಣಗಳನ್ನು ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಮೊದಲನೆಯದು 1825ರದು. ಕೇಂಬ್ರಿಜ್‌ನಲ್ಲಿದ್ದ ಈ ಯುವಕನಿಗೆ ತನ್ನ ಎಡಗಣ್ಣು ಓದಲು ಬಾರದು ಎಂದು ಅರಿವಾಯಿತು. ಬೆಳಕಿನ ಒಂದು ಚುಕ್ಕೆ ಆ ಕಣ್ಣಿಗೆ ಗೆರೆಯಾಗಿ ಕಾಣುತ್ತಿತ್ತು. ಚುಕ್ಕೆ ಯಾವ ದೂರದಲ್ಲಿ ಯಾವ ಕಡೆ ಗೆರೆಯಾಗುತ್ತದೆಂದು ಅಳೆದು, ಲೆಕ್ಕ ಹಾಕಿ, ಒಂದು ಮೈ ಸಿಲಿಂಡರಿನಂತೆ ಬಾಗಿದ ಮಸೂರವನ್ನು ಇಪ್ಸ್‌ವಿಚ್‌ನ ಕನ್ನಡಕದವನಿಂದ ಮಾಡಿಸಿಕೊಂಡ. ಇಂದು ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆಯುವ ಅಂಕಣದ ಹಿಂದೆ ಇರುವುದು ಈ ಲೆಕ್ಕ. ಅಸ್ಟಿಗ್ಮ್ಯಾಟಿಸಂ ಎಂಬ ದೋಷಕ್ಕೆ ಮಸೂರ ತೊಡಿಸಿದ ಮೊದಲಿಗರಲ್ಲಿ ಏರಿ ಒಬ್ಬ. ಎರಡನೆಯ ಕಾರಣ ಬರುವುದು ನಲವತ್ತು ವರ್ಷಗಳ ನಂತರ. 1865ರಲ್ಲಿ ಡೇವಿಡ್ ಬ್ರೂಸ್ಟರ್ ಎಂಬ ಹಿರಿಯ ಬೆಳಕುಶಾಸ್ತ್ರಜ್ಞ ತನಗೆ ಬರುವ ಅರೆಗುರುಡನ್ನು ವರ್ಣಿಸಿ, ಅದರ ಜಾಗ ಅಕ್ಷಿಪಟಲ, ಅಲ್ಲಿನ ರಕ್ತನಾಳಗಳ ಒತ್ತಡವೇ ಕಾರಣ ಎಂದು 'ಫಿಲಸಾಫಿಕಲ್ ಮ್ಯಾಗಝಿನ್'ನಲ್ಲಿ ಬರೆದ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಏರಿ ತನ್ನ ಅನುಭವ ಬರೆದ: ದೃಷ್ಟಿಯ ನಡುವೆ ಚಿಕ್ಕದಾಗಿ ಹುಟ್ಟಿ, ಅಂಕುಡೊಂಕಾದ ಹೊಳೆಯುವ ಅಂಚಿನೊಡನೆ ಹಿಗ್ಗುತ್ತ ಹೋಗಿ, ಕೊನೆಗೆ ಒಂದು ಬದಿಗೆ ಸರಿದು ಮರೆಯಾಗುವ ಕುರುಡು ಮಚ್ಚೆ. ಬಂದಾಗ ಕೆಲವೊಮ್ಮೆ ಮಾತೂ ನೆನಪೂ ತಡವರಿಸುತ್ತವೆ. ಆದ್ದರಿಂದ ಕಾಯಿಲೆಯ ನೆಲೆ ಮಿದುಳು, ಕಣ್ಣಿನದು ಎರಡನೆಯ ಲಕ್ಷಣ ಮಾತ್ರ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದ. ತನಗೆ ಆಮೇಲೆ ತಲೆನೋವು ಬರುವುದಿಲ್ಲ, ಗೆಳೆಯರಿಗೆ ಬರುತ್ತದೆ ಎಂದೂ ಸೇರಿಸಿದ.

ಒಂದೇ ತಲೆಯಲ್ಲಿ ಅಸ್ಟಿಗ್ಮ್ಯಾಟಿಸಮ್ಮೂ ಮೈಗ್ರೇನಿನ ಔರಾವೂ, ಅಂದರೆ ಹೊಳೆಯುವ ಅಂಚಿನ ಆ ಕುರುಡು ಮಚ್ಚೆಯೂ, ಇದ್ದ ಮನುಷ್ಯ ಇವನು. ಲೋಕದಲ್ಲಿ ಯಾರಿಗಾದರೂ ಇವೆರಡನ್ನು ಗಂಟುಹಾಕುವ ಅವಕಾಶ, ಆಸೆ ಇದ್ದಿದ್ದರೆ ಅದು ಏರಿಗೇ ಇರಬೇಕಿತ್ತು. ತಾನೇ ರೂಪಿಸಿದ ಮಸೂರಕ್ಕೆ ಇನ್ನೊಂದು ಬಿರುದು ಸಿಗುತ್ತಿತ್ತು. ಅವನು ಗಂಟುಹಾಕಲಿಲ್ಲ. ಮಸೂರದ ದೋಷ ಸದಾ ಇರುವಂಥದು, ಅಳೆಯಬಹುದಾದದ್ದು. ಔರಾ ಬಂದು ಹೋಗುವಂಥದು, ಚಲಿಸುವಂಥದು. ಈ ವ್ಯತ್ಯಾಸ ಗೊತ್ತಿದ್ದವನಿಗೆ ಎರಡನ್ನೂ ಒಂದು ಮಾಡಲು ಮನಸ್ಸು ಬರುತ್ತಿರಲಿಲ್ಲ. ಅವನ ಮಗ ಹ್ಯೂಬರ್ಟ್ ಏರಿ ವೈದ್ಯನಾದ, ತಂದೆಯ ಕಾಯಿಲೆಯೂ ಬಳುವಳಿಯಾಗಿ ಬಂದಿತ್ತು. 1854ರಲ್ಲಿ ಶಾಲೆಯಲ್ಲಿದ್ದಾಗಲೇ ಮೊದಲ ಸಲ ಕಂಡದ್ದನ್ನು ಮುಂದೆ ಹಂತಹಂತವಾಗಿ ಚಿತ್ರಿಸುತ್ತ ಹೋಗಿ, 1870ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ. ಆ ಬಣ್ಣದ ಚಿತ್ರಗಳು ಇಂದಿಗೂ ಪಠ್ಯಗಳಲ್ಲಿ ಬಳಕೆಯಲ್ಲಿವೆ. ಹ್ಯೂಬರ್ಟನಿಗೂ ಅವನಿಗಿಂತ ನೂರು ವರ್ಷ ಹಿಂದಿನ ವೈದ್ಯ ಜಾನ್ ಫಾದರ್‌ಗಿಲ್‌ಗೂ ಆ ಅಂಕುಡೊಂಕು ಗೆರೆ ಕೋಟೆಗೋಡೆಯಂತೆ ಕಂಡಿದೆ. ಕೋಟೆ ಎಂದಾಗ ನಮ್ಮ ಓದುಗರು ಚಿತ್ರದುರ್ಗವನ್ನು ಊಹಿಸಿಕೊಳ್ಳಬಾರದು. ಅವರ ಮನಸ್ಸಿನಲ್ಲಿದ್ದದ್ದು ಚೂಪು ಮೂಲೆಗಳು ಹೊರಚಾಚಿದ ಯುರೋಪಿನ ನಕ್ಷತ್ರಕೋಟೆ. ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿದವರಿಗೆ ಆ ಆಕಾರ ತಟ್ಟನೆ ಹೊಳೆಯುತ್ತದೆ. ಹ್ಯೂಬರ್ಟ್ ತನ್ನಂಥವರ ಹೆಸರು ಕೂಡಿಸಿದಾಗ ವೊಲ್ಯಾಸ್ಟನ್, ಬ್ರೂಸ್ಟರ್, ಜಾನ್ ಹರ್ಷೆಲ್, ಚಾರ್ಲ್ಸ್ ವೀಟ್‌ಸ್ಟನ್ ಎಲ್ಲರೂ ಅದರಲ್ಲಿದ್ದರು. ಈ ಹೆಸರುಗಳಲ್ಲಿ ಒಬ್ಬ ಹೆಂಗಸಿನದೂ ಇಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಬಾರದು. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ರಾಯಲ್ ಸೊಸೈಟಿಯ ಬಾಗಿಲು ಅವರಿಗೆ ತೆರೆದಿರಲಿಲ್ಲ, ಅಷ್ಟೆ.

1873ರಲ್ಲಿ ಎಡ್ವರ್ಡ್ ಲಿವಿಂಗ್ ಎಂಬ ವೈದ್ಯ ಈ ಎಲ್ಲ ಸಾಕ್ಷ್ಯವನ್ನು ಕೂಡಿಸಿ, ಮೈಗ್ರೇನ್ ಎಂದರೆ ನರವ್ಯೂಹದಲ್ಲಿ ಏಳುವ ಬಿರುಗಾಳಿ ಎಂದು ದೊಡ್ಡ ಗ್ರಂಥ ಬರೆದ. ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಬಿರುಗಾಳಿಗೆ ಮದ್ದಿರಲಿಲ್ಲ, ಮಸೂರಕ್ಕೆ ಬೆಲೆಯಿತ್ತು. 1864ರಲ್ಲಿ ಡಚ್ ವೈದ್ಯ ಡೊಂಡರ್ಸ್ ಕಣ್ಣಿನ ವಕ್ರೀಭವನ ದೋಷಗಳ ಮೇಲೆ ಬರೆದ ಗ್ರಂಥ ಕನ್ನಡಕ ಕೊಡುವುದನ್ನು ಸಂತೆಯ ವ್ಯಾಪಾರದಿಂದ ಎತ್ತಿ ಶಾಸ್ತ್ರವಾಗಿಸಿತ್ತು. ಹತ್ತು ವರ್ಷದೊಳಗೆ ಕಣ್ಣಿನ ವೈದ್ಯರ ಕೈಗೆ ಒಂದು ನಿಖರವಾದ ಉಪಕರಣ ಬಂದಿತ್ತು, ಅದು ಪರಿಹರಿಸಬಲ್ಲ ಕಾಯಿಲೆಗಳ ಹುಡುಕಾಟ ಶುರುವಾಗಿತ್ತು. ಫಿಲಡೆಲ್ಫಿಯಾದ ಹೆಸರಾಂತ ನರವೈದ್ಯ ಸೈಲಸ್ ವೇರ್ ಮಿಚೆಲ್ 1876ರಲ್ಲಿ ಕಣ್ಣಿನ ದಣಿವಿನಿಂದ ಬರುವ ತಲೆನೋವುಗಳ ಮೇಲೆ ಲೇಖನ ಪ್ರಕಟಿಸಿದ. ದಣಿದ ಹೆಂಗಸರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವ ವಿಶ್ರಾಂತಿ ಚಿಕಿತ್ಸೆಗೆ ಹೆಸರಾದ ಮಿಚೆಲ್ ಇವನೇ. ಅವನ ಲೇಖನದಲ್ಲಿ ಒಳ್ಳೆಯ ಗಮನಿಕೆಗಳಿವೆ. ಕನ್ನಡಕದಿಂದ ನೋವು ನಿಂತವರ ವಿವರಗಳೂ ಇವೆ. ಅಪಾಯವಿದ್ದದ್ದು ಅವನ ಒಂದು ಮಾತಿನಲ್ಲಿ: ಕಣ್ಣಿಗೆ ಯಾವ ನೋವೂ ದಣಿವೂ ತೋರದೆಯೇ ಅದರ ಶ್ರಮ ಬರೀ ತಲೆನೋವಾಗಿ ಕಾಣಿಸಿಕೊಳ್ಳಬಹುದು. ಈ ಮಾತು ಒಪ್ಪಿಕೊಂಡ ಮೇಲೆ ಯಾವ ತಲೆನೋವನ್ನೂ ಕಣ್ಣಿನ ಲೆಕ್ಕಕ್ಕೆ ಬರೆಯಬಹುದು. ಕಣ್ಣು ನೋಯುತ್ತಿದ್ದರೆ ಅದು ಪುರಾವೆ, ನೋಯದಿದ್ದರೂ ಪುರಾವೆ.

ಬಾಗಿಲು ತೆರೆದ ಮೇಲೆ ಒಳಗೆ ಬಂದವರು ಮಿಚೆಲ್‌ನಷ್ಟು ಸಂಯಮದವರಾಗಿರಲಿಲ್ಲ. ನ್ಯೂಯಾರ್ಕಿನ ಜಾರ್ಜ್ ಸ್ಟೀವನ್ಸ್ ಕಣ್ಣುಗುಡ್ಡೆಯನ್ನು ಹಿಡಿದ ಸ್ನಾಯುಗಳ ಅಸಮತೋಲವೇ ತಲೆನೋವು, ಮೂರ್ಛೆರೋಗ ಮುಂತಾದವಕ್ಕೆ ಕಾರಣವೆಂದು ಆ ಸ್ನಾಯುಗಳ ನಾರನ್ನು ಕತ್ತರಿಸುತ್ತಿದ್ದ. ಅಲ್ಲಿನ ನರವೈದ್ಯರ ಸಂಘ ನೇಮಿಸಿದ ಸಮಿತಿ ಅವನ ದಾವೆಗಳನ್ನು ಒಪ್ಪಲಿಲ್ಲ. ಇನ್ನು ಫಿಲಡೆಲ್ಫಿಯಾದ ಜಾರ್ಜ್ ಗೌಲ್ಡ್. ಎರಡು ಗಾಜುಗಳನ್ನು ಅಂಟಿಸಿ ಮಾಡುವ ಬೈಫೋಕಲ್ ಕನ್ನಡಕಕ್ಕೆ ಹೆಸರಾದ ಈತ 1903ರಿಂದ 1909ರವರೆಗೆ ಆರು ಸಂಪುಟಗಳನ್ನು ಬರೆದು, ಡಾರ್ವಿನ್, ಕಾರ್ಲೈಲ್, ಡಿ ಕ್ವಿನ್ಸಿ, ಹಕ್ಸ್ಲಿ, ಬ್ರೌನಿಂಗ್ ಮುಂತಾದ ಮಹನೀಯರ ಜೀವನವಿಡೀ ಕಾಡಿದ ತಲೆನೋವು, ಅಜೀರ್ಣ, ನಿದ್ರಾಹೀನತೆಗಳಿಗೆಲ್ಲ ಸರಿಯಾದ ಕನ್ನಡಕ ಸಿಗದಿದ್ದದ್ದೇ ಕಾರಣ ಎಂದು ಸಾಧಿಸಲು ಹೊರಟ. ಒಬ್ಬರ ಕಣ್ಣನ್ನೂ ಅವನು ಪರೀಕ್ಷಿಸಿರಲಿಲ್ಲ. ಪತ್ರಗಳನ್ನೂ ಜೀವನಚರಿತ್ರೆಗಳನ್ನೂ ಓದಿಯೇ ನಂಬರು ಬರೆದುಕೊಟ್ಟ. ಸತ್ತವರಿಗೆ ರೋಗ ನಿರ್ಣಯಿಸುವ ಚಟ ಅವನೊಬ್ಬನದಲ್ಲ. ಹನ್ನೆರಡನೆಯ ಶತಮಾನದ ಸನ್ಯಾಸಿನಿ ಹಿಲ್ಡೆಗಾರ್ಡಳ ದಿವ್ಯದರ್ಶನಗಳನ್ನು ಮೈಗ್ರೇನಿನ ಔರಾ ಎಂದು ಚರಿತ್ರಕಾರ ಚಾರ್ಲ್ಸ್ ಸಿಂಗರ್ ಓದಿದ್ದೂ ಇದೇ ಜಾತಿಯದು. ಅದು ಇಂದಿಗೂ ಜನಪ್ರಿಯ, ಆದರೆ ಹಸ್ತಪ್ರತಿಯ ಅಲಂಕಾರವನ್ನು ರೋಗಿಯ ಚಿತ್ರವೆಂದು ನಂಬಲು ನನಗೆ ಧೈರ್ಯ ಸಾಲದು.

ಆದರೆ ಕನ್ನಡಕ ಹಾಕಿದ ಮೇಲೆ ಎಷ್ಟೋ ಜನರಿಗೆ ತಲೆನೋವು ಕಡಿಮೆಯಾಯಿತಲ್ಲ, ಆ ವೈದ್ಯರು ಸುಳ್ಳು ಹೇಳಿದರೇ? ಇದು ಗಟ್ಟಿ ಆಕ್ಷೇಪ. ಸುಳ್ಳು ಹೇಳಿರಬೇಕಾಗಿಲ್ಲ. ಮೈಗ್ರೇನ್ ಬಂದು ಹೋಗುವ ಕಾಯಿಲೆ. ತಿಂಗಳಿಗೆ ಐದಾರು ಸಲ ಕಾಡಿ, ಆಮೇಲೆ ತಾನಾಗಿಯೇ ಒಂದೆರಡಕ್ಕೆ ಇಳಿಯುವುದು ಅದರ ಗುಣ. ರೋಗಿ ಡಾಕ್ಟರ ಹತ್ತಿರ ಹೋಗುವುದು ನೋವು ಉಲ್ಬಣಿಸಿದಾಗ. ಆ ಗಳಿಗೆಯಲ್ಲಿ ಏನು ಕೊಟ್ಟರೂ ಮುಂದಿನ ತಿಂಗಳು ಸ್ವಲ್ಪ ವಾಸಿ ಅನ್ನಿಸುವ ಸಂಭವವೇ ಹೆಚ್ಚು, ಕೀರ್ತಿ ಕನ್ನಡಕಕ್ಕೆ ಹೋಗುತ್ತದೆ. ನಡುವಯಸ್ಸು ದಾಟಿದ ಮೇಲೆ ಹಲವರಲ್ಲಿ ಈ ಕಾಯಿಲೆ ತಗ್ಗುತ್ತದೆ. ಚಾಳೀಸು ಬರುವುದೂ ಆ ಹೊತ್ತಿಗೇ, ಹಾಗಾಗಿ ಅದನ್ನೂ ಕಣ್ಣಿನ ಲೆಕ್ಕಕ್ಕೇ ಬರೆದುಕೊಳ್ಳಬಹುದು. ಇದಲ್ಲದೆ, ಆ ಕಾಲದಲ್ಲಿ ತಲೆನೋವುಗಳನ್ನು ಬಗೆಬಗೆಯಾಗಿ ವಿಂಗಡಿಸುವ ಒಪ್ಪಿತ ಅಳತೆಗಳಿರಲಿಲ್ಲ. ಓದು, ಹೊಲಿಗೆಯಿಂದ ಹಣೆ ಬಿಗಿದು ನೋಯುವವರೂ ವಾಂತಿಯೊಡನೆ ಅರ್ಧ ತಲೆ ಸಿಡಿಯುವವರೂ ಒಂದೇ ಪಟ್ಟಿಯಲ್ಲಿದ್ದರು. ಮೊದಲಿನವರಿಗೆ ಕನ್ನಡಕ ನಿಜಕ್ಕೂ ಸಹಾಯ ಮಾಡಿರಬೇಕು. ಅವರ ಗುಣ ಎರಡನೆಯವರ ಖಾತೆಗೂ ಜಮೆಯಾಯಿತು.

ಮಿದುಳಿನ ಪರವಾದ ಸಾಕ್ಷ್ಯ ಮತ್ತೆ ಮೇಲೆ ಬಂದದ್ದು 1941ರಲ್ಲಿ, ಅದೂ ರೋಗಿಯೊಬ್ಬನಿಂದಲೇ. ಹಾರ್ವರ್ಡ್‌ನ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನಗೆ ಔರಾ ಬಂದಾಗಲೆಲ್ಲ ಕುರುಡು ಮಚ್ಚೆಯ ಅಂಚನ್ನು ಆಗಾಗ ಕಾಗದದ ಮೇಲೆ ಗುರುತುಹಾಕಿ ಹೊತ್ತು ಬರೆದಿಟ್ಟ. ಮಚ್ಚೆ ದೃಷ್ಟಿಯ ನಡುವೆ ನಿಧಾನವಾಗಿ, ಅಂಚಿನ ಕಡೆ ಹೋದಂತೆ ವೇಗವಾಗಿ ಹಿಗ್ಗುತ್ತದೆ. ಈ ವೇಗದ ಏರುಪೇರು ಕಣ್ಣಿನಿಂದ ಅರ್ಥವಾಗುವುದಿಲ್ಲ, ಮಿದುಳಿನ ನಕ್ಷೆಯಿಂದ ಅರ್ಥವಾಗುತ್ತದೆ. ತಲೆಯ ಹಿಂಬದಿಯ ದೃಷ್ಟಿಕೇಂದ್ರದಲ್ಲಿ ನೋಟದ ನಡುಭಾಗಕ್ಕೆ ವಿಶಾಲ ಜಾಗ, ಅಂಚಿಗೆ ಇಕ್ಕಟ್ಟು ಜಾಗ. ರುಸ್ಸೋ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ ತತ್ಸುಜಿ ಇನೊಯೆ, ಮೊದಲ ಮಹಾಯುದ್ಧದ ಗಾಯಾಳುಗಳಿಂದ ಗಾರ್ಡನ್ ಹೋಮ್ಸ್ ಈ ನಕ್ಷೆ ಬಿಡಿಸಿದ್ದರು. ಆ ನಕ್ಷೆಯ ಮೇಲೆ ಏನೋ ಒಂದು ಅಲೆ ಸಮವೇಗದಲ್ಲಿ ಹರಿದರೆ ನೋಟದಲ್ಲಿ ಅದು ಮೊದಲು ನಿಧಾನ, ಆಮೇಲೆ ಬಿರುಸು. ಲ್ಯಾಶ್ಲಿ ಲೆಕ್ಕ ಹಾಕಿದ: ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. 1944ರಲ್ಲಿ ಅದೇ ಹಾರ್ವರ್ಡ್‌ನಲ್ಲಿ ಬ್ರೆಜಿಲ್‌ನ ಅರಿಸ್ಟಿಡೀಸ್ ಲೇಯಾಂವ್ ಮೊಲದ ಮಿದುಳಿನ ಮೇಲ್ಪದರದಲ್ಲಿ ವಿದ್ಯುತ್ ಚಟುವಟಿಕೆ ಕುಸಿಯುತ್ತ ಹರಡುವ ಒಂದು ಅಲೆಯನ್ನು ಕಂಡ. ಅದರ ವೇಗವೂ ನಿಮಿಷಕ್ಕೆ ಕೆಲವೇ ಮಿಲಿಮೀಟರ್. ಎರಡು ಅಂಕಿಗಳೂ ತಾಳೆಯಾಗುತ್ತವೆ ಎಂಬುದರತ್ತ 1958ರಲ್ಲಿ ಮಿಲ್ನರ್ ಎಂಬ ಸಂಶೋಧಕ ಬೊಟ್ಟು ಮಾಡಿದ. 2001ರಲ್ಲಿ ಹಾಜಿಖಾನಿ ಮತ್ತು ಜೊತೆಗಾರರು ಔರಾ ನಡೆಯುತ್ತಿರುವಾಗಲೇ ಎಂಆರ್‌ಐ ಯಂತ್ರದಲ್ಲಿ ಅಲೆಯನ್ನು ಹಿಂಬಾಲಿಸಿದರು. ಅವರಿಗೆ ಸಿಕ್ಕ ವೇಗ ನಿಮಿಷಕ್ಕೆ 3.5 ಮಿಲಿಮೀಟರ್. ಅವರ ರೋಗಿಯೊಬ್ಬ ಬ್ಯಾಸ್ಕೆಟ್‌ಬಾಲ್ ಆಡಿ ಮೈ ದಣಿಸಿ ಔರಾ ತರಿಸಿಕೊಳ್ಳಬಲ್ಲವನಾಗಿದ್ದ. ವೊಲ್ಯಾಸ್ಟನ್‌ನಿಗೂ, ಚರಕದ ಪಟ್ಟಿಯ ವ್ಯಾಯಾಮಕ್ಕೂ ಇದು ದೂರದ ಮಾತಲ್ಲ.

ಇಲ್ಲಿ ನನ್ನ ವಾದಕ್ಕೆ ಇನ್ನೊಂದು ಬಲವಾದ ಎದುರುಮಾತು ಬರುತ್ತದೆ. ಈ ಸಾಕ್ಷ್ಯವೆಲ್ಲ ಔರಾದ್ದು; ಔರಾ ಬರುವುದು ಮೈಗ್ರೇನ್ ಇರುವವರಲ್ಲಿ ಹೆಚ್ಚೆಂದರೆ ಮೂರರಲ್ಲಿ ಒಬ್ಬರಿಗೆ. ಉಳಿದವರಿಗೆ ಬರುವುದು ಬರೀ ನೋವು, ವಾಕರಿಕೆ, ಬೆಳಕನ್ನು ಸಹಿಸಲಾಗದ ಹಿಂಸೆ. ಬಿಸಿಲು ತಾಗಿದೊಡನೆ ನೋವು ಏರುವಾಗ ಕಣ್ಣಿನ ಪಾತ್ರವಿಲ್ಲ ಎನ್ನುವುದು ಹೇಗೆ? ಪಾತ್ರವಿದೆ. ಅದು ಯಾವ ಪಾತ್ರ ಎಂದು ತೋರಿಸಿದ್ದು 2010ರಲ್ಲಿ ಬಾಸ್ಟನ್ನಿನ ನೊಸೆಡಾ, ಬರ್ಸ್ಟೀನ್ ಮತ್ತು ಸಂಗಡಿಗರು. ಅವರು ಮೈಗ್ರೇನ್ ಇರುವ ಇಪ್ಪತ್ತು ಮಂದಿ ಅಂಧರನ್ನು ಅಧ್ಯಯನ ಮಾಡಿದರು. ಆಕಾರ ಕಾಣದಿದ್ದರೂ ಬೆಳಕಿನ ಸುಳಿವು ಸಿಗುವ ಹದಿನಾಲ್ಕು ಜನರಿಗೆ ಬೆಳಕಿನಿಂದ ನೋವು ಹೆಚ್ಚುತ್ತಿತ್ತು. ಬೆಳಕಿನ ಅರಿವೇ ಇಲ್ಲದ ಆರು ಜನರಿಗೆ ಹೆಚ್ಚುತ್ತಿರಲಿಲ್ಲ. ಅಂದರೆ ಕಣ್ಣು ಬೆಳಕನ್ನು ಒಳಗೆ ಬಿಟ್ಟು ನೋವನ್ನು ಕೆರಳಿಸುತ್ತದೆ. ಆದರೆ ಆ ಆರು ಜನರಿಗೂ ಮೈಗ್ರೇನ್ ಇದ್ದೇ ಇತ್ತು. ಸರಿಪಡಿಸಲು ಯಾವ ದೃಷ್ಟಿದೋಷವೂ ಉಳಿದಿರದ, ಕನ್ನಡಕಕ್ಕೆ ಕೆಲಸವೇ ಇಲ್ಲದ ಕಣ್ಣುಗಳ ಹಿಂದೆಯೂ ಕಾಯಿಲೆ ತನ್ನ ಪಾಡಿಗೆ ನಡೆದಿತ್ತು. ಔರಾ ಇರಲಿ ಇಲ್ಲದಿರಲಿ, ನಂಬರು ತಪ್ಪಿದ್ದರಿಂದ ಮೈಗ್ರೇನ್ ಹುಟ್ಟುತ್ತದೆ ಎನ್ನುವವರು ಮೊದಲು ಉತ್ತರಿಸಬೇಕಾದದ್ದು ಈ ಆರು ಜನರಿಗೆ.

ಈ ಚರ್ಚೆ ನಮ್ಮಲ್ಲಿ ಬರೀ ಪುಸ್ತಕದ ವಿಷಯವಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮಾತಾಡಿಸಿ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25. ನಾಲ್ಕರಲ್ಲಿ ಒಬ್ಬರು. ಇಷ್ಟು ಜನರನ್ನು ಮೊದಲು ಕನ್ನಡಕದ ಅಂಗಡಿಗೆ ಕಳಿಸುವ ರೂಢಿಯಿಂದ ಆಗುವ ನಷ್ಟ ದುಡ್ಡಿನದಷ್ಟೇ ಅಲ್ಲ. ಹೊಸ ಗಾಜಿಗೆ ಕಣ್ಣು ಹೊಂದಿಕೊಳ್ಳಲಿ ಎಂದು ಕಾಯುತ್ತ, ಆಮೇಲೆ ನಂಬರು ಬದಲಿಸುತ್ತ ವರ್ಷಗಳು ಕಳೆಯುತ್ತವೆ, ಅಷ್ಟರಲ್ಲಿ ಮಾತ್ರೆ ನುಂಗುವುದೂ ಅಭ್ಯಾಸವಾಗಿರುತ್ತದೆ. ಹಾಗೆಂದು ಕಣ್ಣು ತೋರಿಸಲೇಬಾರದು ಎಂಬ ತೀರ್ಮಾನಕ್ಕೆ ಈ ಚರಿತ್ರೆ ಇಂಬು ಕೊಡುವುದಿಲ್ಲ. ದೃಷ್ಟಿದೋಷದಿಂದ ಬರುವ ತಲೆನೋವು ಎಂಬುದು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ತನ್ನದೇ ಹೆಸರಿನಲ್ಲಿ ಇದೆ, ಮೈಗ್ರೇನಿನಿಂದ ಬೇರೆಯಾಗಿ. ಓದಿದಾಗ, ಟಿವಿ ನೋಡಿದಾಗ ಬಂದು ಕಣ್ಣಿಗೆ ವಿಶ್ರಾಂತಿ ಕೊಟ್ಟಾಗ ಇಳಿಯುವುದು ಅದರ ಸ್ವಭಾವ, ಸರಿಯಾದ ಕನ್ನಡಕಕ್ಕೆ ಅದು ಬಗ್ಗುತ್ತದೆ. ಬ್ರೂಸ್ಟರ್ ಹೇಳಿದಂತೆ ಅಕ್ಷಿಪಟಲದಲ್ಲೇ ಆಗುವ ತಾತ್ಕಾಲಿಕ ಕುರುಡೂ ಅಪರೂಪಕ್ಕೆ ಉಂಟು, ಅದು ಒಂದೇ ಕಣ್ಣಿನಲ್ಲಿ ಆಗುತ್ತದೆ. ಒಂದೇ ಕಣ್ಣು ಮಂಜಾದರೆ ಅದನ್ನು ಮೈಗ್ರೇನ್ ಎಂದು ತಳ್ಳಿಹಾಕದೆ ರಕ್ತನಾಳದ ತೊಂದರೆಯೇ ಎಂದು ಮೊದಲು ನೋಡಬೇಕೆನ್ನುತ್ತಾರೆ ವೈದ್ಯರು. ಎಲ್ಲಕ್ಕಿಂತ ಕೆಟ್ಟದ್ದು ಹಠಾತ್ತನೆ ಕಣ್ಣಿನೊತ್ತಡ ಏರುವ ಗ್ಲಾಕೋಮಾ. ಒಂದು ಬದಿ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಮೈಗ್ರೇನ್ ಎಂದು ಮಲಗಿದರೆ ಕಣ್ಣು ಕೆಂಪಾಗಿ ಗಂಟೆಗಳಲ್ಲಿ ದೃಷ್ಟಿಯೇ ಹೋಗಬಹುದು. ಅಂಥವರು ಅಂದೇ, ಆ ರಾತ್ರಿಯೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಕನ್ನಡಕದ ನಂಬರಿಗಾಗಿ ಅಲ್ಲ, ಕಣ್ಣಿನ ಒತ್ತಡ ಅಳೆಸಿ ಇಳಿಸಿಕೊಳ್ಳಲು.